ಹವಾಯಿ ಗಿಟಾರಿನ ಇತಿಹಾಸದಲ್ಲಿ ವಾದ್ಯಗಳ ಸಾಕ್ಷ್ಯ

ಇತಿಹಾಸದ ಆಕರಗಳೆಂದೊಡನೆ ನಮ್ಮ ಮನಸ್ಸಿಗೆ ಬರುವುವು ಶಿಲಾಶಾಸನ, ತಾಮ್ರಪಟ, ನಾಣ್ಯ, ಕಡತಗಳು. ಕುಶಲಕರ್ಮಿಯ ಕೈಯಿಂದ ಹೊರಬಂದ ಉಪಕರಣವೂ ಒಂದು ಆಕರವೇ ಎಂಬುದನ್ನು ನಾವು ತತ್ತ್ವತಃ ಒಪ್ಪುತ್ತೇವೆ. ಅದನ್ನು ಓದುವ ಶ್ರಮವನ್ನು ಮಾತ್ರ ಅಷ್ಟಾಗಿ ವಹಿಸುವುದಿಲ್ಲ. ಪೆಡಲುಗಳಿಲ್ಲದ ಹಳೆಯ ಸ್ಟೀಲ್ ಗಿಟಾರನ್ನು ಉದಾಹರಣೆಯಾಗಿಟ್ಟುಕೊಂಡು, ಅಂಥ ಓದಿನಿಂದ ದೊರೆಯುವುದೇನು, ಅದರ ಮಿತಿಯೆಲ್ಲಿ ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಿದ್ದೇವೆ.

ಸಾಧಾರಣ ಗಿಟಾರನ್ನು ಎದೆಗೊರಗಿಸಿಕೊಂಡು, ಎಡಗೈ ಬೆರಳುಗಳಿಂದ ತಂತಿಗಳನ್ನು ಮೆಟ್ಟುಗಳ ಮೇಲೆ ಒತ್ತಿ ನುಡಿಸುತ್ತಾರೆ. ಸ್ಟೀಲ್ ಗಿಟಾರನ್ನಾದರೋ ತೊಡೆಯ ಮೇಲೆ ಅಡ್ಡಲಾಗಿ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ಸಲಾಕೆಯೊಂದನ್ನು ಜಾರಿಸಿ ನುಡಿಸುತ್ತಾರೆ. 'ಸ್ಟೀಲ್' ಎಂಬ ಹೆಸರು ಬಂದುದು ಈ ಸಲಾಕೆಯಿಂದ. ನಮ್ಮ ಗೋಟುವಾದ್ಯವನ್ನು ಬಲ್ಲವರಿಗೆ ಈ ಕ್ರಮ ಅಪರಿಚಿತವೆನಿಸದು.

ಗಿಟಾರು ಹವಾಯಿ ದ್ವೀಪಗಳನ್ನು ಹೊಕ್ಕುದು 19ನೆಯ ಶತಮಾನದಲ್ಲಿ. ಅಲ್ಲಿ ಸಲಾಕೆಯ ಕ್ರಮವನ್ನು ಕಂಡುಹಿಡಿದ ಕೀರ್ತಿ ಸಾಮಾನ್ಯವಾಗಿ, ಓವಾಹು ದ್ವೀಪದ ಲಾಯಿಯೆ ಗ್ರಾಮದಲ್ಲಿ 1874ರಲ್ಲಿ ಜನಿಸಿದ ಜೋಸೆಫ್ ಕೆಕೂಕೂವಿಗೆ ಸಲ್ಲುತ್ತದೆ. ಬಾಲಕನಾಗಿದ್ದಾಗ ಆತನು ಮೊದಲು ಬಳಸಿದುದು ಬಾಚಣಿಗೆಯೆಂದು ಒಂದು ಕಥೆ. ರೈಲು ಹಳಿಯ ಪಕ್ಕದಲ್ಲಿ ಸಿಕ್ಕ ಕಬ್ಬಿಣದ ಬೋಲ್ಟೆಂದು ಇನ್ನೊಂದು. ಜೇಮ್ಸ್ ಹೋವಾ, ಗೇಬ್ರಿಯಲ್ ಡೇವಿಯನ್ ಎಂಬಿಬ್ಬರ ಪರವಾಗಿಯೂ ಹಕ್ಕುಸಾಧನೆ ನಡೆದಿದೆ. ಈ ಪೈಕಿ ಡೇವಿಯನ್ ಭಾರತದಲ್ಲಿ ಹುಟ್ಟಿದವನೆಂದೂ, ಹಡಗಿನವರು ಅವನನ್ನು ಅಪಹರಿಸಿ ಹವಾಯಿಗೆ ತಂದರೆಂದೂ ಹೇಳಿಕೆಯುಂಟು.

ಇಲ್ಲಿ ಭಾರತೀಯನಾದ ಇತಿಹಾಸಕಾರನಿಗೆ ಒಂದು ಪ್ರಲೋಭನೆ ಎದುರಾಗುತ್ತದೆ. ಡೇವಿಯನ್ನನ ಜನ್ಮಭೂಮಿಯನ್ನೂ ಗೋಟುವಾದ್ಯದ ಸಾದೃಶ್ಯವನ್ನೂ ಜೋಡಿಸಿ, ಹವಾಯಿ ಗಿಟಾರು ನಮ್ಮಿಂದಲೇ ಹುಟ್ಟಿತೆಂದು ಸಾರಿಬಿಡುವುದು ಸುಲಭ. ಆದರೆ ಸಾದೃಶ್ಯ ಬೇರೆ, ವಂಶ ಬೇರೆ. ತಂತಿಯ ಮೇಲೆ ಗಟ್ಟಿ ವಸ್ತುವೊಂದನ್ನು ಜಾರಿಸುವ ಉಪಾಯ ಅಮೆರಿಕದ ದಕ್ಷಿಣ ಪ್ರಾಂತಗಳ ಕರಿಯ ಜನರಲ್ಲಿಯೂ ಇದ್ದಿತು. ಅವರು ಸೀಸೆಯ ಕತ್ತನ್ನೋ ಚಾಕುವನ್ನೋ ಬಳಸುತ್ತಿದ್ದರು. ಡೇವಿಯನ್ ಗೋಟುವಾದ್ಯವನ್ನು ಕೇಳಿದ್ದನೆಂಬುದು ಕೇವಲ ಊಹೆ. ಊಹೆಯನ್ನು ಅಭಿಮಾನದ ಬಲದಿಂದ ಪ್ರಮಾಣವಾಗಿ ಮಾಡಲಾಗದು. ಕೆಕೂಕೂವಿನ ಪಕ್ಷ ಪ್ರಬಲವಾಗಿರುವುದು ಆತನ ಪ್ರಸಾರಕಾರ್ಯದಿಂದ: 1904ರಲ್ಲಿ ಆತನು ಅಮೆರಿಕದ ಮುಖ್ಯಭೂಮಿಗೆ ತೆರಳಿ, 1932ರಲ್ಲಿ ತೀರಿಕೊಳ್ಳುವವರೆಗೆ ಈ ವಿದ್ಯೆಯನ್ನು ಪ್ರದರ್ಶಿಸಿದನು, ಕಲಿಸಿದನು.

ಇದಕ್ಕೆ ಮುನ್ನವೇ, 1893ರಲ್ಲಿ ಹವಾಯಿಯ ರಾಣಿ ಪದಚ್ಯುತಳಾಗಿ, 1898ರಲ್ಲಿ ದ್ವೀಪಗಳು ಅಮೆರಿಕದ ವಶವಾಗಿದ್ದುವು. ರಾಜ್ಯವನ್ನು ಕಳೆದುಕೊಂಡ ಆ ಜನರ ಸಂಗೀತ ಗೆದ್ದವರ ನಾಡಿನಲ್ಲಿ ಹರಡಿತು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ವಸ್ತುಪ್ರದರ್ಶನವು ಈ ವ್ಯಾಮೋಹವನ್ನು ದೇಶವ್ಯಾಪಿಯಾಗಿಸಿತು.

ಇಲ್ಲಿಂದ ಮುಂದಕ್ಕೆ ವಾದ್ಯಗಳೇ ಮಾತನಾಡುತ್ತವೆ. ದೊಡ್ಡ ಸಭಾಂಗಣಗಳಲ್ಲಿ ಗಿಟಾರಿನ ಮೆಲುದನಿ ಇತರ ವಾದ್ಯಗಳ ನಡುವೆ ಅಡಗಿಹೋಗುತ್ತಿತ್ತು. ಪರಿಹಾರ ಮೂರು ಹಂತಗಳಲ್ಲಿ ದೊರೆಯಿತು. ಲಾಸ್ ಏಂಜಲೀಸಿನ ಹರ್ಮನ್ ವೈಸೆನ್‌ಬಾರ್ನ್ ಹವಾಯಿಯ ಕೋವಾ ಮರದಿಂದ, ಕುತ್ತಿಗೆಯೂ ಟೊಳ್ಳಾಗಿರುವಂತೆ ವಾದ್ಯವನ್ನು ರಚಿಸಿದನು. 1927ರಲ್ಲಿ ನ್ಯಾಷನಲ್ ವಾದ್ಯವು ಲೋಹದ ಒಡಲೊಳಗೆ ಅಲ್ಯೂಮಿನಿಯಮಿನ ಮೂರು ಶಂಕುಗಳನ್ನಿರಿಸಿಕೊಂಡು ಬಂದಿತು. 1932ರಲ್ಲಿ, ಸ್ವತಃ ಹವಾಯಿ ಶೈಲಿಯ ವಾದಕನಾಗಿದ್ದ ಜಾರ್ಜ್ ಬೋಷಾಂಪನೂ ಅಡಾಲ್ಫ್ ರಿಕನ್‌ಬ್ಯಾಕರನೂ ವಿದ್ಯುತ್ ಗಿಟಾರನ್ನು ಮಾರಾಟಕ್ಕೆ ತಂದರು. ಕುದುರೆಲಾಳದಾಕಾರದ ಅಯಸ್ಕಾಂತಗಳ ನಡುವೆ ಉಕ್ಕಿನ ತಂತಿ ಕಂಪಿಸಲು, ಕೆಳಗಿನ ತಾಮ್ರದ ಸುರುಳಿಯಲ್ಲಿ ಕ್ಷೀಣ ವಿದ್ಯುತ್ತು ಹುಟ್ಟುವುದು. ವರ್ಧಕಯಂತ್ರವು ಅದನ್ನು ನಾದವಾಗಿಸುವುದು. ನಾದಪೆಟ್ಟಿಗೆಯ ಅಗತ್ಯವೇ ಇಲ್ಲದ್ದರಿಂದ ಒಡಲು ಕಿರಿದಾಗಿ, ಎರಕದ ಅಲ್ಯೂಮಿನಿಯಮಿನ ಆ ದುಂಡು ವಾದ್ಯಕ್ಕೆ 'ಬಾಣಲೆ' ಎಂಬ ಅಡ್ಡಹೆಸರು ಬಂದಿತು. ಬಿಸಿಯಾದಾಗ ಅಲ್ಯೂಮಿನಿಯಮು ಹಿಗ್ಗಿ ಶ್ರುತಿ ಕೆಡುತ್ತಿದ್ದುದರಿಂದ 1935ರಲ್ಲಿ ಬೇಕಲೈಟಿನ ಒಡಲು ಬಳಕೆಗೆ ಬಂದಿತು.

ವಿದ್ಯುತ್ ಗಿಟಾರಿನ ಕಥೆಯನ್ನು 1950ರ ಸುಮಾರಿನ, ಎದೆಗೊರಗಿಸಿ ನುಡಿಸುವ ವಾದ್ಯದಿಂದ ಆರಂಭಿಸುವುದು ಜನಪ್ರಿಯ ರೂಢಿ. ಹವಾಯಿ ವಾದ್ಯಕ್ಕೆ ಅದರಲ್ಲಿ ಪೀಠಿಕೆಯ ಸ್ಥಾನವಷ್ಟೆ. ಬಾಣಲೆ ಗಿಟಾರನ್ನು ಕೈಗೆತ್ತಿಕೊಂಡು ನೋಡಿದರೆ ಈ ರೂಢಿ ನಿಲ್ಲದು. ಅದರ ತಂತಿಗಳು ಬೆರಳಿನಿಂದ ಒತ್ತಲಾಗದಷ್ಟು ಎತ್ತರದಲ್ಲಿವೆ. ಅದು ಸಲಾಕೆಗಾಗಿಯೇ ಹುಟ್ಟಿದ ವಾದ್ಯ. 1950ರಲ್ಲಿ ಎದೆಗೊರಗುವ ಗಟ್ಟಿ ಒಡಲಿನ ಗಿಟಾರನ್ನು ಮಾರಿದ ಲಿಯೋ ಫೆಂಡರನೂ 1945ರಲ್ಲಿ ಆರಂಭಿಸಿದುದು ತೊಡೆಯ ಮೇಲಿನ ಸ್ಟೀಲ್ ಗಿಟಾರುಗಳಿಂದಲೇ. ಹವಾಯಿ ವಾದಕರ ಅಗತ್ಯವು ಪೀಠಿಕೆಯಲ್ಲ, ಮೂಲಕಾರಣ.

ಕಡತವನ್ನೇ ನಂಬಿದವರು ಮೋಸಹೋಗುವುದಕ್ಕೂ ಇಲ್ಲಿ ನಿದರ್ಶನವಿದೆ. ಬೋಷಾಂಪನ ಪೇಟೆಂಟ್ ಅರ್ಜಿ 1934ರದು; ಅದು ಮಂಜೂರಾದುದು 1937ರ ಆಗಸ್ಟಿನಲ್ಲಿ. ಪೇಟೆಂಟಿನ ವರ್ಷವನ್ನೇ ವಾದ್ಯದ ಜನ್ಮವರ್ಷವೆಂದು ಬಗೆದವನು ಐದು ವರ್ಷಗಳಷ್ಟು ತಪ್ಪುತ್ತಾನೆ. ಆ ವಿಳಂಬದ ಅವಧಿಯಲ್ಲಿ ಇತರ ಕಂಪನಿಗಳೂ ವಿದ್ಯುತ್ ವಾದ್ಯಗಳನ್ನು ಹೊರತಂದಿದ್ದುವು.

ಹಾಗೆಂದು ವಾದ್ಯದ ಸಾಕ್ಷ್ಯವನ್ನೂ ಪಾಟೀಸವಾಲಿಗೆ ಒಳಪಡಿಸದೆ ಸ್ವೀಕರಿಸಲಾಗದು. ಪೇಟೆಂಟ್ ಸಂಖ್ಯೆಯನ್ನು ಹೊತ್ತ ರಿಕನ್‌ಬ್ಯಾಕರ್ ವಾದ್ಯ 1937ಕ್ಕಿಂತ ಹಿಂದಿನದಾಗಲಾರದು. ಯುದ್ಧಪೂರ್ವದ ವಾದ್ಯಗಳ ಅಯಸ್ಕಾಂತಗಳ ಅಗಲ ಒಂದೂವರೆ ಅಂಗುಲ, ಯುದ್ಧಾನಂತರದವುಗಳದು ಒಂದೂಕಾಲು ಅಂಗುಲ. ಆದರೆ ಹಳೆಯ ಒಡಲಿಗೆ ಹೊಸ ಭಾಗಗಳನ್ನು ಜೋಡಿಸಿದ್ದರೆ? ಒಂದೇ ಗುರುತಿನಿಂದ ಕಾಲವನ್ನು ನಿರ್ಣಯಿಸುವುದು ಲಿಪಿಯೊಂದರಿಂದಲೇ ಶಾಸನದ ಕಾಲವನ್ನು ನಿರ್ಣಯಿಸಿದಂತೆ. ಹಲವು ಗುರುತುಗಳು ಪರಸ್ಪರ ಹೊಂದಿದಾಗಲೇ ನಿರ್ಣಯ ದೃಢವಾಗುವುದು.

'ಪೆಡಲಿಲ್ಲದ' ಎಂಬ ವಿಶೇಷಣವೂ ವಿಚಾರಾರ್ಹ. ನೇರವಾದ ಸಲಾಕೆಯಿಂದ ಒಂದು ಸಲಕ್ಕೆ ಕೆಲವೇ ಸ್ವರಮೇಳಗಳು ಲಭ್ಯ. ಆದಕಾರಣ ವಾದಕರು ಬೇರೆಬೇರೆ ಶ್ರುತಿಯ ಎರಡು, ಮೂರು, ನಾಲ್ಕು ಕುತ್ತಿಗೆಗಳ ವಾದ್ಯಗಳನ್ನು ಬಳಸಿದರು. ಕಾಲಿನಿಂದ ಒತ್ತಿ ಶ್ರುತಿ ಬದಲಿಸುವ ಪೆಡಲುಗಳು 1940ರ ವೇಳೆಗೇ ಇದ್ದುವಾದರೂ, 1954ರಲ್ಲಿ ಪ್ರಸಿದ್ಧವಾದ ವೆಬ್ ಪಿಯರ್ಸನ ಹಾಡೊಂದರಲ್ಲಿ ಬಡ್ ಐಸಾಕ್ಸ್ ನುಡಿಸಿದ ಬಳಿಕ ಅವು ವ್ಯಾಪಕವಾದುವು. ಅಲ್ಲಿಯವರೆಗೆ ಕೇವಲ ಸ್ಟೀಲ್ ಗಿಟಾರ್ ಎನಿಸಿದ್ದ ವಾದ್ಯಕ್ಕೆ ತನ್ನಲ್ಲಿಲ್ಲದ ವಸ್ತುವಿನಿಂದ ಹೆಸರು ಬಂದಿತು. ಬಹುಮಟ್ಟಿಗೆ ಅದು ಮೂಲೆಗುಂಪಾಯಿತು.

ಭಾರತಕ್ಕೆ ಈ ವಾದ್ಯ ಬಂದ ಬಗೆಗೆ ಊಹೆ ಬೇಕಿಲ್ಲ. ಟಾವು ಮೋಯೆಯ ಕುಟುಂಬವು 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲಸಿ ಹವಾಯಿ ಸಂಗೀತವನ್ನು ನುಡಿಸಿತು. ಮುಂದೆ ಬ್ರಿಜ್‌ಭೂಷಣ್ ಕಾಬ್ರಾ ಅವರು ಈ ಗಿಟಾರಿನಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿ ಅದಕ್ಕೆ ಹೊಸ ಬಾಳು ಕೊಟ್ಟರು. ನಾವು ಹೆಮ್ಮೆಪಡಬೇಕಾದುದು ಇದಕ್ಕಾಗಿ. ಪಡೆದುದನ್ನು ನಮ್ಮದಾಗಿಸಿಕೊಂಡುದು ಸಾಮಾನ್ಯ ಸಾಧನೆಯಲ್ಲ.

ವಾದ್ಯಗಳ ಮೇಲೆ ಕೆತ್ತಿರುವುದು ತಯಾರಕರ ಹೆಸರು. ಅವುಗಳ ಆಕಾರವನ್ನು ನಿರ್ಧರಿಸಿದ ಹವಾಯಿ ಜನರ ಹೆಸರು ಅಲ್ಲಿಲ್ಲ. ಅದನ್ನು ತಂತಿಯ ಎತ್ತರದಲ್ಲಿ, ಒಡಲಿನ ರಚನೆಯಲ್ಲಿ ಓದಿಕೊಳ್ಳಬೇಕು. ನಾಣ್ಯವನ್ನೂ ಶಾಸನವನ್ನೂ ಓದಲು ಕಲಿಸುವ ನಮ್ಮ ತರಗತಿಗಳಲ್ಲಿ ಈ ಬಗೆಯ ಓದಿಗೂ ಸ್ವಲ್ಪ ಅವಕಾಶ ದೊರೆತರೆ ಲೇಖನದ ಉದ್ದೇಶ ಸಫಲವಾದಂತೆ.