ಮೂರು ನಿಮಿಷದ ಆಟಕ್ಕೆ ಎರಡೂವರೆ ಗಂಟೆ!

ಫುಟ್‌ಬಾಲ್ ಪಂದ್ಯಕ್ಕೆ 90 ನಿಮಿಷ, ಕಬಡ್ಡಿಗೆ 40 ನಿಮಿಷ, ಕ್ರಿಕೆಟ್ಟಿಗೆ ಓವರುಗಳ ಲೆಕ್ಕ. ಹಾಗಾದರೆ ಗಾಲ್ಫ್ ಆಟಕ್ಕೆ? ಅದೂ ಜೊತೆಗಾರರಿಲ್ಲದೆ ಒಬ್ಬರೇ ಆಡಿದರೆ ಒಂದು ಸುತ್ತು ಮುಗಿಯಲು ಎಷ್ಟು ಹೊತ್ತು ಬೇಕು? ಇದು ಸೀಟಿ ಊದಿ ನಿಲ್ಲಿಸುವ ಆಟವಲ್ಲ. ಕೊನೆಯ ಕುಳಿಗೆ ಚೆಂಡು ಬಿದ್ದಾಗ ಮುಗಿಯಿತು, ಅಷ್ಟೆ. ಆದ್ದರಿಂದ ಉತ್ತರವನ್ನು ಲೆಕ್ಕ ಹಾಕಿಯೇ ಕಂಡುಕೊಳ್ಳಬೇಕು. ಹೆದರಬೇಡಿ, ಎಂಟನೆಯ ತರಗತಿಯ ಗಣಿತ ಸಾಕು.

ಮೊದಲು ಆಟದ ಪರಿಚಯ. ವಿಶಾಲವಾದ ಹುಲ್ಲಿನ ಮೈದಾನ, ಅದರಲ್ಲಿ ದೂರ ದೂರಕ್ಕೆ 18 ಕುಳಿಗಳು. ಒಂದೊಂದರ ಬಾಯಿ 108 ಮಿಲಿಮೀಟರ್ ಅಗಲ. ಚೆಂಡು ನಿಂಬೆಹಣ್ಣಿನ ಗಾತ್ರದ್ದು, ತೂಕ 46 ಗ್ರಾಂ ಮೀರುವಂತಿಲ್ಲ. ಪ್ರತಿ ಕುಳಿಗೂ ಒಂದು ಆರಂಭದ ಜಾಗವಿದೆ. ಅಲ್ಲಿಂದ ಚೆಂಡನ್ನು ಹೊಡೆಯಬೇಕು, ಅದು ಬಿದ್ದಲ್ಲಿಗೆ ನಡೆದು ಮತ್ತೆ ಹೊಡೆಯಬೇಕು. ಆದಷ್ಟು ಕಡಿಮೆ ಹೊಡೆತಗಳಲ್ಲಿ ಕುಳಿಗೆ ಬೀಳಿಸಿದವನು ಗೆದ್ದ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಎಂಬ ಊರಿನ ಹಳೆಯ ಮೈದಾನದಲ್ಲಿ ಒಂದು ಸುತ್ತೆಂದರೆ ಮೊದಲು 22 ಕುಳಿಗಳಿದ್ದವು. 1764ರಲ್ಲಿ ಅದನ್ನು 18ಕ್ಕೆ ಇಳಿಸಿದರು. ಮುಂದೆ ಅದೇ ಜಗತ್ತಿನ ರೂಢಿಯಾಯಿತು.

ನಮಗೂ ಈ ಆಟ ಹೊಸದೇನಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಲೆಕ್ಕಕ್ಕೆ ಕೈಹಾಕೋಣ

ದೊಡ್ಡ ಮೈದಾನದ 18 ಕುಳಿಗಳ ನೇರ ದೂರವನ್ನು ಕೂಡಿದರೆ ಸುಮಾರು 6 ಕಿಲೋಮೀಟರ್. ಆದರೆ ಚೆಂಡು ನಾವು ಹೇಳಿದಂತೆ ನೇರ ಹೋಗುವುದಿಲ್ಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಡಾಡಬೇಕು, ಒಂದು ಕುಳಿಯಿಂದ ಮುಂದಿನದರ ಆರಂಭಕ್ಕೂ ನಡೆಯಬೇಕು. ಹೀಗಾಗಿ 8 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಗಂಟೆಗೆ 5 ಕಿಲೋಮೀಟರಿನಂತೆ ನಡೆದರೆ 96 ನಿಮಿಷ ಬೇಕು.

ಸಾಕಷ್ಟು ಅಭ್ಯಾಸವಿರುವ ಹವ್ಯಾಸಿ ಆಟಗಾರ ಒಂದು ಸುತ್ತಿಗೆ 90 ಹೊಡೆತ ತೆಗೆದುಕೊಳ್ಳುತ್ತಾನೆಂದು ಭಾವಿಸಿ. ದೂರ ಅಂದಾಜು ಮಾಡಿ, ಗಾಳಿ ನೋಡಿ, ತಕ್ಕ ಕೋಲು ಆರಿಸಿ ಹೊಡೆಯಲು ಪ್ರತಿ ಸಲ ಅರ್ಧ ನಿಮಿಷ. ಒಟ್ಟು 45 ನಿಮಿಷ. ಪೊದೆಯಲ್ಲಿ ಬಿದ್ದ ಚೆಂಡು ಹುಡುಕಲು, ಮರಳಿನ ಗುಂಡಿಯಲ್ಲಿ ಮೂಡಿದ ಹೆಜ್ಜೆಗುರುತು ಸರಿಪಡಿಸಲು ಇನ್ನೊಂದು 15 ನಿಮಿಷ. ಮೂರನ್ನೂ ಕೂಡಿ: 156 ನಿಮಿಷ. ಅಂದರೆ ಎರಡೂವರೆ ಗಂಟೆಗೆ ಸ್ವಲ್ಪ ಹೆಚ್ಚು. ಖಾಲಿ ಮೈದಾನದಲ್ಲಿ ಒಬ್ಬರೇ ನಡೆದು ಆಡುವವರಿಗೆ ಎರಡೂವರೆಯಿಂದ ಮೂರು ಗಂಟೆ ಹಿಡಿಯುತ್ತದೆ ಎನ್ನುವುದು ಅನುಭವದ ಮಾತೂ ಹೌದು. ನಮ್ಮ ಲೆಕ್ಕ ತಾಳೆಯಾಯಿತು!

ಈಗ ನಾಲ್ವರು ಕೂಡಿ ಆಡಲಿ. ನಾಲ್ಕು ಪಟ್ಟು ಸಮಯ, ಅಂದರೆ ಹತ್ತು ಗಂಟೆ ಬೇಕೇ? ಇಲ್ಲ. ನಾಲ್ವರೂ ಜೊತೆಜೊತೆಗೇ ನಡೆಯುವುದರಿಂದ ನಡಿಗೆಯ 96 ನಿಮಿಷ ಹಾಗೆಯೇ ಉಳಿಯುತ್ತದೆ. ಹೊಡೆತಗಳು ಮಾತ್ರ 360 ಆಗುತ್ತವೆ. ಅವುಗಳಿಗೆ 180 ನಿಮಿಷ. ಎರಡೂ ಸೇರಿ ನಾಲ್ಕೂವರೆ ಗಂಟೆ. ಒಬ್ಬ ಹೊಡೆಯುವಾಗ ಇನ್ನೊಬ್ಬ ಸಿದ್ಧನಾಗುತ್ತಿದ್ದರೆ ಅದು ನಾಲ್ಕು ಗಂಟೆಯ ಹತ್ತಿರಕ್ಕೆ ಇಳಿಯುತ್ತದೆ. ಯಾವುದು ಗುಣಿಸಲ್ಪಡುತ್ತದೆ, ಯಾವುದು ಹಾಗೇ ಉಳಿಯುತ್ತದೆ ಎಂದು ಬೇರ್ಪಡಿಸಿ ನೋಡುವುದೇ ಇಂಥ ಲೆಕ್ಕಗಳ ಗುಟ್ಟು.

ನಿಜವಾದ ಆಟ ಎಷ್ಟು?

ಇನ್ನೂ ಒಂದು ಸ್ವಾರಸ್ಯವಿದೆ. ಕೋಲನ್ನು ಹಿಂದಕ್ಕೆತ್ತಿ ಬೀಸಿ ಹೊಡೆಯಲು ಬೇಕಾಗುವುದು ಹೆಚ್ಚೆಂದರೆ ಒಂದೂವರೆ ಸೆಕೆಂಡು. ತೊಂಬತ್ತು ಹೊಡೆತಕ್ಕೆ 135 ಸೆಕೆಂಡು, ಮೂರು ನಿಮಿಷವೂ ಇಲ್ಲ. ಜೋರು ಹೊಡೆತದಲ್ಲಿ ಕೋಲಿನ ತಲೆಯೂ ಚೆಂಡೂ ತಾಗಿಕೊಂಡಿರುವುದು ಸೆಕೆಂಡಿನ ಎರಡು ಸಾವಿರದ ಒಂದು ಭಾಗದಷ್ಟು ಹೊತ್ತು. ತೊಂಬತ್ತು ಹೊಡೆತಗಳಿಗೂ ಇದೇ ಲೆಕ್ಕ ಹಿಡಿದರೆ 0.045 ಸೆಕೆಂಡು. ಕಣ್ಣು ಮಿಟುಕಿಸುವಷ್ಟು ಸಮಯವೂ ಅಲ್ಲ!

ಹಾಗಾದರೆ ಮಿಕ್ಕದ್ದೆಲ್ಲ ವ್ಯರ್ಥವೇ? ಅವಸರದ ತೀರ್ಮಾನ ಬೇಡ. ಮಿಕ್ಕ ಸಮಯದಲ್ಲಿ ಮೂರು ಬಗೆಯಿದೆ: ನಡೆಯುವ ಹೊತ್ತು, ಯೋಚಿಸುವ ಹೊತ್ತು, ಕಾಯುವ ಹೊತ್ತು. ಮೊದಲನೆಯದನ್ನು ದೂರ ನಿರ್ಧರಿಸುತ್ತದೆ. ಎರಡನೆಯದು ನಮ್ಮ ಕೈಯಲ್ಲಿದೆ. ಮೂರನೆಯದು ಬೇರೆಯವರ ಕೈಯಲ್ಲಿದೆ.

ಕಾಯುವ ಹೊತ್ತನ್ನು ನಮ್ಮ ಲೆಕ್ಕದಲ್ಲಿ ಸೇರಿಸಲಿಲ್ಲ. ಏಕೆಂದರೆ ಮೈದಾನ ಖಾಲಿಯಿದೆ ಎಂದುಕೊಂಡೆವು. ಭಾನುವಾರ ಬೆಳಿಗ್ಗೆ ಹಾಗಿರುವುದಿಲ್ಲ. ಹತ್ತು ನಿಮಿಷಕ್ಕೊಂದರಂತೆ ಗುಂಪುಗಳು ಹೊರಡುತ್ತವೆ ಎನ್ನಿ. ನಡುವೆ ಒಂದು ಕಠಿಣ ಕುಳಿಯಿದೆ, ಅಲ್ಲಿ ಪ್ರತಿ ಗುಂಪಿಗೂ 12 ನಿಮಿಷ ಬೇಕು. ಒಂದು ಗುಂಪು ಮುಗಿಸುವವರೆಗೆ ಇನ್ನೊಂದು ಆಡುವಂತಿಲ್ಲ. ಎರಡನೆಯ ಗುಂಪು 2 ನಿಮಿಷ ಕಾಯುತ್ತದೆ, ಮೂರನೆಯದು 4 ನಿಮಿಷ. ಹೀಗೆ ಹದಿನಾರನೆಯ ಸರದಿಯಲ್ಲಿ ಬಂದವನು ಅರ್ಧ ಗಂಟೆ ನಿಲ್ಲಬೇಕು. ಅವನು ಒಬ್ಬನೇ ಇರಲಿ, ಎಷ್ಟೇ ಚುರುಕಾಗಿರಲಿ! ಆಲಿಕೆಯಲ್ಲಿ ಎಣ್ಣೆ ಸುರಿದು ನೋಡಿ. ಮೇಲಿನ ಬಾಯಿ ಎಷ್ಟು ಅಗಲವಿದ್ದರೇನು, ಇಳಿಯುವ ವೇಗವನ್ನು ನಿರ್ಧರಿಸುವುದು ಕೆಳಗಿನ ಕಿರಿದಾದ ಕೊಳವೆ.

ಒಂಟಿ ಆಟಗಾರನಿಗೆ ಇದರ ಮೇಲೆ ಇನ್ನೊಂದು ಕಷ್ಟವಿತ್ತು. ಒಬ್ಬನೇ ಆಡುವವನಿಗೆ ಮೈದಾನದಲ್ಲಿ ಯಾವ ಹಕ್ಕೂ ಇಲ್ಲ, ಅವನು ಎಲ್ಲ ಗುಂಪುಗಳಿಗೂ ದಾರಿ ಬಿಡಬೇಕು ಎಂದು ಆಟದ ನಿಯಮಪುಸ್ತಕದ ಶಿಷ್ಟಾಚಾರ ಭಾಗವೇ ಹೇಳುತ್ತಿತ್ತು. 2004ರ ಪರಿಷ್ಕರಣೆಯಲ್ಲಿ ಆ ಮಾತು ಹೋಯಿತು. ತಲೆಗಳ ಸಂಖ್ಯೆಯಲ್ಲ, ಆಡುವ ವೇಗವೇ ಆದ್ಯತೆಗೆ ಆಧಾರವಾಯಿತು. 2019ರಲ್ಲಿ ನಿಯಮಗಳು ಇನ್ನೂ ಬಿಗಿಯಾದವು. ಕಳೆದುಹೋದ ಚೆಂಡನ್ನು ಹುಡುಕಲು ಇದ್ದ 5 ನಿಮಿಷ 3ಕ್ಕೆ ಇಳಿಯಿತು. ತನ್ನ ಸರದಿ ಬಂದು ಅಡ್ಡಿಯಿಲ್ಲದಿದ್ದರೆ 40 ಸೆಕೆಂಡಿನೊಳಗೆ ಹೊಡೆಯಬೇಕೆಂಬ ಸಲಹೆಯೂ ಸೇರಿತು.

ಬೇಗ ಎಂದರೆ ಎಷ್ಟು ಬೇಗ?

ಓಡಿಕೊಂಡೇ ಆಡಿದವರೂ ಇದ್ದಾರೆ. 1987ರಲ್ಲಿ ಉತ್ತರ ಐರ್ಲೆಂಡಿನ ವಾರನ್‌ಪಾಯಿಂಟ್ ಮೈದಾನದಲ್ಲಿ ಜೇಮ್ಸ್ ಕಾರ್ವಿಲ್ ಎಂಬಾತ 6,154 ಗಜಗಳ 18 ಕುಳಿಗಳನ್ನು 27 ನಿಮಿಷ 9 ಸೆಕೆಂಡಿನಲ್ಲಿ ಮುಗಿಸಿದ. ಗಜವನ್ನು ಮೀಟರಿಗೆ ಪರಿವರ್ತಿಸಿ ಭಾಗಿಸಿ ನೋಡಿ: ಹೊಡೆತಗಳಿಗಾಗಿ ನಿಂತದ್ದೂ ಸೇರಿ ಗಂಟೆಗೆ 12 ಕಿಲೋಮೀಟರಿಗೂ ಹೆಚ್ಚಿನ ವೇಗ!

ವೇಗ ಹೆಚ್ಚಿದರೆ ಆಟ ಕೆಡಬೇಕಲ್ಲವೇ? ಯಾವಾಗಲೂ ಅಲ್ಲ. ಹೊಡೆತಗಳ ಸಂಖ್ಯೆಗೆ ನಿಮಿಷಗಳನ್ನೂ ಕೂಡಿಸುವ 'ಸ್ಪೀಡ್ ಗಾಲ್ಫ್' ಎಂಬ ಸ್ಪರ್ಧೆಯಿದೆ. 2005ರಲ್ಲಿ ಶಿಕಾಗೋದಲ್ಲಿ ಕ್ರಿಸ್ಟೋಫರ್ ಸ್ಮಿತ್ 44 ನಿಮಿಷ 6 ಸೆಕೆಂಡಿನಲ್ಲಿ ಸುತ್ತು ಮುಗಿಸಿದ. ತೆಗೆದುಕೊಂಡ ಹೊಡೆತಗಳು ಕೇವಲ 65. ನಿಧಾನವಾಗಿ ಆಡುವ ವೃತ್ತಿಪರರೂ ಹೆಮ್ಮೆಪಡುವ ಅಂಕ ಅದು. ಅಭ್ಯಾಸ ಗಟ್ಟಿಯಾಗಿದ್ದವನಿಗೆ ಪ್ರತಿ ಹೊಡೆತಕ್ಕೂ ಬಹಳ ಹೊತ್ತಿನ ಯೋಚನೆ ಬೇಕಾಗುವುದಿಲ್ಲ.

ಯೋಚನೆ ಅತಿಯಾದರೆ ಬೆಲೆ ತೆರಬೇಕಾಗುತ್ತದೆ. 2013ರಲ್ಲಿ ಅಮೆರಿಕದ ಅಗಸ್ಟಾದಲ್ಲಿ ನಡೆದ ಪ್ರಸಿದ್ಧ ಮಾಸ್ಟರ್ಸ್ ಪಂದ್ಯಾವಳಿಯಲ್ಲಿ ಚೀನಾದ ಗುವಾನ್ ಟಿಯಾನ್‌ಲಾಂಗ್ ಎಂಬ 14 ವರ್ಷದ ಬಾಲಕ ಆಡಿದ. ಎರಡನೆಯ ದಿನ ಎಚ್ಚರಿಕೆ ಕೊಟ್ಟ ಮೇಲೂ ತಡಮಾಡಿದ್ದಕ್ಕೆ ಅವನ ಲೆಕ್ಕಕ್ಕೆ ಒಂದು ಹೊಡೆತವನ್ನು ದಂಡವಾಗಿ ಸೇರಿಸಲಾಯಿತು. ಒಂಬತ್ತನೆಯ ತರಗತಿಯ ವಯಸ್ಸಿನ ಹುಡುಗ! ಅವನು ಎದೆಗುಂದಲಿಲ್ಲ. ಆಟ ಮುಂದುವರಿಸಿ ಕೊನೆಯ ಎರಡು ದಿನಗಳಿಗೂ ಅರ್ಹತೆ ಗಳಿಸಿದ.

ಓದಿನ ಮೈದಾನದಲ್ಲಿ

ವಿದ್ಯಾರ್ಥಿ ಮಿತ್ರರೇ, ಪಾಲಕರೇ, ಈ ಲೆಕ್ಕವನ್ನು ಮನೆಗೂ ಅನ್ವಯಿಸಬಹುದು. ಪಾಲಕರ ಸಭೆಗಳಲ್ಲಿ ನಾನು ಕೇಳುತ್ತ ಬಂದಿರುವ ಮಾತು ಒಂದೇ: 'ಮೇಷ್ಟ್ರೇ, ನಮ್ಮ ಹುಡುಗ ದಿನಕ್ಕೆ ಆರು ಗಂಟೆ ಓದುತ್ತಾನೆ, ಆದರೂ ಅಂಕ ಬರುವುದಿಲ್ಲ.' ಆರು ಗಂಟೆ ಎನ್ನುವುದು ಗಡಿಯಾರದ ಉತ್ತರ. ಅದರೊಳಗೆ ಏನಿತ್ತು ಎನ್ನುವುದನ್ನು ಗಡಿಯಾರ ಹೇಳುವುದಿಲ್ಲ.

ಓದಿನಲ್ಲೂ ನಡೆಯುವ ಹೊತ್ತಿದೆ. ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಓದಲೇಬೇಕು, ಅಲ್ಲಿ ಅಡ್ಡದಾರಿಯಿಲ್ಲ. ಯೋಚಿಸುವ ಹೊತ್ತಿದೆ. ಅದು ವ್ಯರ್ಥವಲ್ಲ, ಆದರೆ ಗೊತ್ತಿರುವ ಲೆಕ್ಕದ ಮುಂದೆ ಪೆನ್ನು ಕಚ್ಚುತ್ತ ಕೂರುವುದು ಯೋಚನೆಯಲ್ಲ. ಅಭ್ಯಾಸ ಹೆಚ್ಚಿದಂತೆ ಇದು ತಾನಾಗಿ ತಗ್ಗುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಮೂರು ಗಂಟೆ ಸಾಲದು ಎನ್ನುವವರು ಈ ಮಾತನ್ನು ಗಮನಿಸಬೇಕು. ಇನ್ನು ಕಾಯುವ ಹೊತ್ತು: ಪಕ್ಕದ ಕೋಣೆಯ ಟಿ.ವಿ., ಎರಡು ನಿಮಿಷಕ್ಕೊಮ್ಮೆ ಗುಂಯ್‌ಗುಡುವ ಮೊಬೈಲ್, 'ಅಂಗಡಿಗೆ ಹೋಗಿ ಸಕ್ಕರೆ ತಾ ಮಗು' ಎನ್ನುವ ಕೂಗು.

ಒಂದು ಪ್ರಯೋಗ ಮಾಡಿ. ಒಂದು ಸಂಜೆ ಕಾಗದದಲ್ಲಿ ಮೂರು ಕಾಲಂ ಎಳೆದು, ಓದಲು ಕುಳಿತ ಪ್ರತಿ ಹತ್ತು ನಿಮಿಷ ಯಾವ ಕಾಲಮ್ಮಿಗೆ ಸೇರಿತೆಂದು ಪ್ರಾಮಾಣಿಕವಾಗಿ ಗುರುತು ಹಾಕಿ. ಇದು ಮಕ್ಕಳನ್ನು ಹಿಡಿಯುವ ಉಪಾಯವಲ್ಲ. ಮೂರನೆಯ ಕಾಲಂ ತುಂಬಿದ್ದರೆ ಪಾಲಕರು ಮಗುವನ್ನು ಗದರಿಸುವ ಮುನ್ನ ಒಂದು ವಿಷಯ ನೆನೆಯಬೇಕು. ಗಾಲ್ಫ್ ಮೈದಾನದಲ್ಲಿ ಒಂಟಿ ಆಟಗಾರನನ್ನು ಕಾಯಿಸುವುದು ಅವನ ಮುಂದಿರುವ ಗುಂಪು. ಮನೆಯಲ್ಲಿ ಆ ಗುಂಪು ಎಷ್ಟೋ ಸಲ ನಾವೇ ಆಗಿರುತ್ತೇವೆ.