ನಗುವ ಹೂಗಳ ಚಿತ್ರಕಾರ
ತಕಾಶಿ ಮುರಕಾಮಿಯವರ ಜೀವನ ಮತ್ತು ಕಲೆ

1945ನೆಯ ಇಸವಿ ಆಗಸ್ಟ್ 9ನೆಯ ತಾರೀಖು ಬೆಳಿಗ್ಗೆ ಅಮೆರಿಕದ ವಿಮಾನವೊಂದು ಜಪಾನಿನ ಕೊಕುರಾ ಪಟ್ಟಣದ ಮೇಲೆ ಮೂರು ಬಾರಿ ಹಾದುಹೋಯಿತು. ಅದರ ಒಡಲಲ್ಲಿ ಅಣುಬಾಂಬಿದ್ದಿತು. ಮೋಡವೂ ಹೊಗೆಯೂ ಕವಿದು ಗುರಿಯು ಕಾಣದುದರಿಂದ ವಿಮಾನವು ನಾಗಸಾಕಿಯ ಕಡೆಗೆ ತಿರುಗಿತು. ಅಲ್ಲಿ ಆದುದನ್ನು ಲೋಕವೆಲ್ಲ ಬಲ್ಲುದು. ಕೊಕುರಾದ ಕಡೆಯವರಾದ ತಾಯಿಯೊಬ್ಬರು, ಆ ದಿನ ಆಕಾಶವು ತಿಳಿಯಾಗಿದ್ದಿದ್ದರೆ ನೀನು ಹುಟ್ಟುತ್ತಲೇ ಇರಲಿಲ್ಲವೆಂದು ತಮ್ಮ ಮಗನಿಗೆ ಮೇಲಿಂದ ಮೇಲೆ ಹೇಳುತ್ತಿದ್ದರಂತೆ. ಆ ಮಗನೇ 'ಪಾಪ್' ಕಲೆಯಲ್ಲಿ ಜಗತ್ತಿನ ಹೆಸರಾಂತ ಚಿತ್ರಕಾರರಲ್ಲಿ ಒಬ್ಬರಾದ ಶ್ರೀ ತಕಾಶಿ ಮುರಕಾಮಿಯವರು.

ಇವರ ಹೆಸರನ್ನು ಕೇಳದ ವಾಚಕರೂ ಇವರ ಹೂವನ್ನು ಕಂಡಿರಬಹುದು. ದುಂಡನೆಯ ಮುಖ, ಸುತ್ತ ಬಣ್ಣಬಣ್ಣದ ಹನ್ನೆರಡು ಎಸಳು, ನಡುವೆ ಬಾಯಿತುಂಬ ನಗು. ಮಕ್ಕಳ ಚೀಲ, ದಿಂಬು, ಅಂಗಿಗಳ ಮೇಲೆಲ್ಲ ಅದರ ಅಸಲೂ ನಕಲೂ ಹರಡಿವೆ. 'ಇಂತಹುದನ್ನೂ ಕಲೆಯೆನ್ನಬೇಕೆ?' ಎಂದು ಹಿರಿಯರು ಕೇಳುವುದು ಸಹಜ. ಆ ಪ್ರಶ್ನೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ನಗುವಿನ ಹಿಂದೆ ಏನಿದೆಯೆಂಬುದನ್ನು ನೋಡಿದ ಮೇಲೆ ತೀರ್ಪು ಹೇಳುವುದು ಮೇಲು.

ಮುರಕಾಮಿಯವರು 1962ರಲ್ಲಿ ಟೋಕಿಯೋ ನಗರದಲ್ಲಿ ಹುಟ್ಟಿದರು. ತಂದೆ ಬಾಡಿಗೆ ಮೋಟಾರು ನಡೆಸುತ್ತಿದ್ದರು; ತಾಯಿ ಮನೆವಾರ್ತೆಯ ಜೊತೆಗೆ ಕಸೂತಿಯನ್ನು ಬಲ್ಲವರು. ಮನೆಯಲ್ಲಿ ಸಿರಿಯಿರಲಿಲ್ಲವಾದರೂ ಕಲಾಪ್ರದರ್ಶನಗಳಿಗೆ ಹುಡುಗನನ್ನು ಕಳುಹಿಸುವುದು ತಪ್ಪುತ್ತಿರಲಿಲ್ಲ. ನೋಡಿ ಬಂದುದರ ಮೇಲೆ ವಿಮರ್ಶೆ ಬರೆಯಬೇಕು. ಬರೆಯದಿದ್ದರೆ ಆ ರಾತ್ರಿ ಊಟವಿಲ್ಲ. ಇದನ್ನು ಅವರೇ ಹೇಳಿಕೊಂಡಿದ್ದಾರೆ. ಈ ಶಿಕ್ಷಾಕ್ರಮವನ್ನು ನಮ್ಮ ತಾಯಂದಿರಿಗೆ ನಾವು ಶಿಫಾರಸು ಮಾಡಲಾರೆವು. ಆದರೆ ಕಂಡುದನ್ನು ಅಳೆದು ನುಡಿಯುವ ಅಭ್ಯಾಸವು ಹುಡುಗನಿಗೆ ಅಲ್ಲಿಯೇ ಹತ್ತಿತೆನ್ನಬೇಕು.

ಅವನ ಮನಸ್ಸಿದ್ದುದು ಚಲಿಸುವ ಬೊಂಬೆಚಿತ್ರಗಳ ಮೇಲೆ. ಆದರೂ ಟೋಕಿಯೋದ ಕಲಾ ವಿಶ್ವವಿದ್ಯಾಲಯದಲ್ಲಿ ಕಲಿತದ್ದು 'ನಿಹೊಂಗ' ಎಂಬ ಸಂಪ್ರದಾಯದ ಚಿತ್ರಕಲೆಯನ್ನು. ಕಲ್ಲುಗಳನ್ನು ಅರೆದು, ಪ್ರಾಣಿಚರ್ಮದಿಂದ ತೆಗೆದ ಅಂಟಿನಲ್ಲಿ ಕಲಸಿ, ಕಾಗದದ ಮೇಲೂ ರೇಷ್ಮೆಯ ಮೇಲೂ ತೆರೆತೆರೆಯಾಗಿ ಬಳಿಯುವ ತಾಳ್ಮೆಯ ವಿದ್ಯೆಯದು. 1993ರಲ್ಲಿ ಅವರಿಗೆ ಅದರಲ್ಲಿ ಡಾಕ್ಟರ್ ಪದವಿ ದೊರೆಯಿತು. ಹೊಟ್ಟೆಪಾಡಿಗಾಗಿ ಒಂಬತ್ತು ವರ್ಷಕಾಲ, ಪ್ರವೇಶ ಪರೀಕ್ಷೆಗೆ ಓದುವವರಿಗೆ ಹೂ ಬರೆಯುವುದನ್ನು ಕಲಿಸಿದರು. ಎರಡು ದಿನಕ್ಕೊಮ್ಮೆ ಹೂ ಕೊಂಡುತರಬೇಕು, ಮುಂದಿಟ್ಟು ಬರೆಯಿಸಬೇಕು. ಮೊದಮೊದಲು ಹೂವಿನ ವಾಸನೆಯೂ ಆಕಾರವೂ ಅವರಿಗೆ ಹೇಸಿಗೆ ತರುತ್ತಿದ್ದುವಂತೆ. ಬರಬರುತ್ತ ಒಂದೊಂದು ಹೂವಿಗೂ ಒಂದೊಂದು ಮುಖವಿದ್ದಂತೆ ತೋರತೊಡಗಿತು. ನಗುವ ಹೂವು ಹುಟ್ಟಿದುದು ಹೀಗೆ, ಒಲವಿಗಿಂತ ಹೆಚ್ಚಾಗಿ ದುಡಿಮೆಯಿಂದ.

1994ರಲ್ಲಿ ವಿದ್ಯಾರ್ಥಿವೇತನದ ಮೇಲೆ ನ್ಯೂಯಾರ್ಕಿಗೆ ಹೋಗಿ ಬಂದ ತರುವಾಯ ಅವರ ದಾರಿ ನಿಚ್ಚಳವಾಯಿತು. ಪಶ್ಚಿಮದವರನ್ನು ಅನುಕರಿಸಿ ಫಲವಿಲ್ಲ, ತನ್ನ ನಾಡಿನದೇ ಆದುದನ್ನು ಮುಂದಿಡಬೇಕೆಂದು ನಿಶ್ಚಯಿಸಿದರು. 2000ದಲ್ಲಿ 'ಸೂಪರ್‌ಫ್ಲಾಟ್', ಎಂದರೆ ಅತಿಸಮತಲ, ಎಂಬ ತತ್ತ್ವವನ್ನು ಪ್ರದರ್ಶನವೊಂದರ ಮೂಲಕ ಸಾರಿದರು. ಜಪಾನಿನ ಹಳೆಯ ಚಿತ್ರಗಳಲ್ಲಿ ಪಶ್ಚಿಮದ ಚಿತ್ರಗಳಂತೆ ಆಳದ ಭ್ರಮೆಯಿಲ್ಲ, ಎಲ್ಲವೂ ಒಂದೇ ಮಟ್ಟದಲ್ಲಿರುತ್ತದೆ. ಇಂದಿನ ಬೊಂಬೆಚಿತ್ರಗಳೂ ಆ ವಂಶದವೇ. ಉಚ್ಚ ಕಲೆ, ಪೇಟೆಯ ಕಲೆ ಎಂಬ ಭೇದವೂ ಅಲ್ಲಿ ಹೊರಗಿನಿಂದ ಬಂದದ್ದು. ಹಿರಿಯ ಕಲೇತಿಹಾಸಕಾರ ನೊಬುವೋ ತ್ಸುಜಿಯವರ ಗ್ರಂಥವು ಈ ವಿಚಾರಕ್ಕೆ ಬೀಜವಾಯಿತು.

ಭೇದವಿಲ್ಲವೆಂದಮೇಲೆ ವ್ಯಾಪಾರಕ್ಕೆ ಅಡ್ಡಿಯೇನು? 1996ರಲ್ಲಿ ತೆರೆದ ಚಿತ್ರಶಾಲೆಯು 2001ರಲ್ಲಿ 'ಕೈಕೈ ಕಿಕಿ' ಎಂಬ ಕಂಪೆನಿಯಾಯಿತು. ಗುರುವು ರೂಪುರೇಖೆ ಹಾಕುವನು, ಸಹಾಯಕರು ಬಣ್ಣ ತುಂಬುವರು. ಕೆಲವು ಚಿತ್ರಗಳ ಹಿಂಬದಿಯಲ್ಲಿ ದುಡಿದವರ ಹೆಸರನ್ನೂ ಬರೆದಿರುವುದು ಮೆಚ್ಚತಕ್ಕ ಸಂಗತಿ. 2003ರಲ್ಲಿ ಫ್ರಾನ್ಸಿನ ಲೂಯಿ ವಿಟಾನ್ ಕಂಪೆನಿಯ ಕೈಚೀಲಗಳ ಮೇಲೆ ಇವರ ಬಣ್ಣಗಳು ಬಂದುವು. 2007ರಲ್ಲಿ ಲಾಸ್ ಏಂಜಲಿಸಿನ ವಸ್ತುಸಂಗ್ರಹಾಲಯದಲ್ಲಿ ಇವರ ಪ್ರದರ್ಶನದ ನಡುವೆಯೇ ಆ ಚೀಲಗಳ ಅಂಗಡಿಯೂ ತೆರೆಯಿತು. ಇದು ನಮಗೆ ಅತಿಯೆನಿಸುತ್ತದೆ. ಇವರ ಕೆಲವು ಪ್ರತಿಮೆಗಳಂತೂ ಮನೆಮಂದಿಯೆದುರು ವರ್ಣಿಸತಕ್ಕವಲ್ಲ. ಅಂತಹುದೊಂದು 2008ರಲ್ಲಿ ಒಂದೂವರೆ ಕೋಟಿ ಡಾಲರಿಗೂ ಮಿಕ್ಕು ಹರಾಜಾಯಿತೆಂದಷ್ಟೇ ಹೇಳಿ ಮುಂದೆ ಸಾಗುವೆವು.

ಏಕೆಂದರೆ ಮುಖ್ಯವಾದುದು ಬೇರೆಯಿದೆ. ಮುರಕಾಮಿಯವರ ಬಾಲ್ಯದಲ್ಲಿ 'ಟೈಮ್ ಬೊಕಾನ್' ಎಂಬ ಮಕ್ಕಳ ಆಟವೊಂದು ಟೆಲಿವಿಷನ್ನಿನಲ್ಲಿ ಬರುತ್ತಿದ್ದಿತು. ಅದರಲ್ಲಿ ದುಷ್ಟರು ಸೋತಾಗ ತಲೆಬುರುಡೆಯಾಕಾರದ ಅಣಬೆಮೋಡವೊಂದು ಮೇಲೇಳುವುದು, ಮಕ್ಕಳು ನಗುವುದು. ಹಿರೋಶಿಮಾದ ನಾಡಿನಲ್ಲಿ! ಆ ಬುರುಡೆಮೋಡವನ್ನೇ ಮುರಕಾಮಿಯವರು ದೊಡ್ಡ ಚಿತ್ರಗಳಾಗಿ ಬರೆದರು. ಅದರ ಕಣ್ಣಕುಳಿಗಳಲ್ಲಿ ಹೂಗಳನ್ನಿಟ್ಟರು. 2005ರಲ್ಲಿ ನ್ಯೂಯಾರ್ಕಿನ ಜಪಾನ್ ಸೊಸೈಟಿಯಲ್ಲಿ ತಾವು ಏರ್ಪಡಿಸಿದ ಪ್ರದರ್ಶನಕ್ಕೆ ಹಿರೋಶಿಮಾದ ಬಾಂಬಿನ ಹೆಸರನ್ನೇ ಇಟ್ಟರು: 'ಲಿಟಲ್ ಬಾಯ್', ಪುಟ್ಟ ಹುಡುಗ. ಸೋತ ದೇಶವು ಗೆದ್ದವನ ನೆರಳಿನಲ್ಲಿ ಬೆಳೆಯದ ಮಗುವಾಗಿ ಉಳಿಯಿತು, ಹೇಳಲಾರದ ಸಂಕಟವನ್ನು ಮುದ್ದುಬೊಂಬೆಗಳ ಹಿಂದೆ ಬಚ್ಚಿಟ್ಟಿತು ಎಂಬುದು ಅಲ್ಲಿ ಅವರ ವಾದ.

2011ರ ಮಾರ್ಚಿಯಲ್ಲಿ ಭೂಕಂಪವೂ ಕಡಲುಬ್ಬರವೂ ಜಪಾನಿನ ಈಶಾನ್ಯ ತೀರವನ್ನು ಹಾಳುಗೆಡಹಿದುವು. ಆಗ ಇವರು ಕೈಗೊಂಡುದು ನೂರು ಮೀಟರು ಉದ್ದದ 'ಐನೂರು ಅರ್ಹತರು' ಎಂಬ ಚಿತ್ರ. ಅರ್ಹಂತನೆಂದರೆ ನಮ್ಮ ನಾಡಿನಲ್ಲಿ ಜಿನನು ನೆನಪಾಗುವನು. ಬೌದ್ಧರಲ್ಲಿ ಅರ್ಹತರೆಂದರೆ ನಿರ್ವಾಣವನ್ನು ಪಡೆದ ಬುದ್ಧಶಿಷ್ಯರು. ಹತ್ತೊಂಬತ್ತನೆಯ ಶತಮಾನದ ನಡುವೆ, ಎದೋ ನಗರವು ಭೂಕಂಪದಿಂದ ನಲುಗಿದ ಕಾಲದಲ್ಲಿ, ಕಾನೋ ಕಾಜುನೊಬು ಎಂಬ ಚಿತ್ರಕಾರನು ಇದೇ ವಿಷಯವನ್ನು ನೂರು ಸುರುಳಿಗಳಲ್ಲಿ ಬರೆಯಲು ತೊಡಗಿದ್ದನು. 1863ರಲ್ಲಿ ಆತನು ತೀರಿಕೊಳ್ಳಲು ಉಳಿದ ಸುರುಳಿಗಳನ್ನು ಹೆಂಡತಿಯೂ ಶಿಷ್ಯರೂ ಮುಗಿಸಿದರು. ಮುರಕಾಮಿಯವರೂ ಕಲಾಶಾಲೆಗಳ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಹಗಲಿರುಳು ಬರೆಯಿಸಿದರು. ಆಪತ್ತಿನಲ್ಲಿ ಜಪಾನಿಗೆ ನೆರವಾದ ಕತಾರ್ ದೇಶದ ದೋಹಾದಲ್ಲಿ ಚಿತ್ರವು 2012ರಲ್ಲಿ ಮೊದಲು ಪ್ರದರ್ಶಿತವಾಯಿತು. ಸುಕ್ಕುಗಟ್ಟಿದ ಮುಖದ, ಬೊಚ್ಚುಬಾಯಿಯ, ವಿಕಾರರೂಪದ ಮುದುಕರು ಸಾಲುಗಟ್ಟಿ ನಿಂತಿದ್ದಾರೆ. ಇಲ್ಲಿ ಹೂವಿನ ನಗುವಿಲ್ಲ. ಇವರ ಕೃತಿಗಳಲ್ಲಿ ನಾವು ಎಲ್ಲಕ್ಕಿಂತ ಮೇಲಿಡುವುದು ಇದನ್ನೇ.

2020ರ ಮಹಾಮಾರಿಯ ಕಾಲದಲ್ಲಿ ಕಂಪೆನಿಯು ದಿವಾಳಿಯ ಅಂಚಿಗೆ ಬಂದಿತೆಂದು ಮುರಕಾಮಿಯವರೇ ಬಹಿರಂಗವಾಗಿ ತಿಳಿಸಿ, ವರ್ಷಗಟ್ಟಲೆ ದುಡಿದಿದ್ದ ಚಲಚ್ಚಿತ್ರವೊಂದನ್ನು ಕೈಬಿಟ್ಟರು. ಅಲ್ಲಿಂದ ಚೇತರಿಸಿಕೊಂಡು 2024ರಲ್ಲಿ ಕ್ಯೋಟೋ ನಗರದಲ್ಲಿ ದೊಡ್ಡ ಪ್ರದರ್ಶನವನ್ನು ನಡೆಸಿದರು. ಅದಕ್ಕಾಗಿ, ನಾಲ್ಕು ನೂರು ವರ್ಷಗಳ ಹಿಂದೆ ಇವಾಸಾ ಮತಾಬೆಯಿ ಎಂಬಾತನು ಮಡಿಚುವ ತೆರೆಗಳ ಮೇಲೆ ಬರೆದಿದ್ದ ಆ ನಗರದ ಚಿತ್ರವನ್ನು ತಮ್ಮ ರೀತಿಯಲ್ಲಿ ಮತ್ತೆ ಬರೆದರು. ಸೇತುವೆ, ಬೀದಿ, ಅಂಗಡಿಗಳಲ್ಲಿ ಸಾವಿರಾರು ಜನರು ತಂತಮ್ಮ ಕೆಲಸದಲ್ಲಿ ತೊಡಗಿದ್ದಾರೆ. ಅವರ ಮೇಲೆ ಚಿನ್ನದ ಮೋಡಗಳು ತೇಲುತ್ತಿವೆ.