ಯಂತ್ರ 95 ಅಂದಿತ್ತು, ಅಪ್ಪ ಬೇರೆ ಹೇಳುತ್ತಿದ್ದರು

ಅಪ್ಪನ ಬೆರಳಿಗೆ ಆ ಕ್ಲಿಪ್ ಹಾಕಿದವಳು ನಾನೇ. 2021ರ ಮೇ ತಿಂಗಳು. ದ್ವಿತೀಯ ಪಿಯು ಪರೀಕ್ಷೆ ನಡೆಯುತ್ತೋ ಇಲ್ಲವೋ ಎಂದು ದಿನವೂ ಟಿ.ವಿ. ಮುಂದೆ ಕೂತಿರುತ್ತಿದ್ದ ಕಾಲ (ಕೊನೆಗೆ ನಡೆಯಲಿಲ್ಲ, ಎಲ್ಲರೂ ಪಾಸ್). ಅಪ್ಪ ದಾವಣಗೆರೆ ಕಡೆಯ ಎಪಿಎಂಸಿ ಯಾರ್ಡೊಂದರಲ್ಲಿ ಹಮಾಲಿ. ಮೆಕ್ಕೆಜೋಳದ ಸೀಸನ್‌ನಲ್ಲಿ ಬೆಳಗಿನಿಂದ ಸಂಜೆಯವರೆಗೆ ಚೀಲ ಹೊತ್ತರೂ ರಾತ್ರಿ ನಗುತ್ತಾ ಊಟಕ್ಕೆ ಕೂರುತ್ತಿದ್ದ ಮನುಷ್ಯ. ಜ್ವರ ಬಂದ ಐದನೇ ದಿನ ಗೋಡೆಗೆ ಒರಗಿ ಕೂತವರು ಮಲಗಲು ಒಪ್ಪಲಿಲ್ಲ.

‘ಎದಿ ಮ್ಯಾಲೆ ಎರಡು ಚೀಲ ಇಟ್ಟಂಗ್ ಆಗ್ತೈತಮ್ಮ’ ಅಂದರು.

ನಾನು ಕ್ಲಿಪ್ ನೋಡಿದೆ. 95. ಮೆಡಿಕಲ್ ಶಾಪ್‌ನಲ್ಲಿ ಸಾಲದ ದುಡ್ಡು ಕೊಟ್ಟು ತಂದಿದ್ದ ಹೊಸ ಆಕ್ಸಿಮೀಟರ್. 94ಕ್ಕಿಂತ ಕೆಳಗೆ ಹೋದರೆ ಮಾತ್ರ ಆಸ್ಪತ್ರೆಗೆ ಓಡಬೇಕು ಎಂದು ಆಗ ಎಲ್ಲರಿಗೂ ಬಾಯಿಪಾಠ. ಅಲ್ಲಿ ಬೆಡ್ ಸಿಗುತ್ತಿಲ್ಲ ಎಂಬ ಸುದ್ದಿಯೂ ಅಷ್ಟೇ ಬಾಯಿಪಾಠ. ‘95 ಐತಪ್ಪ, ಏನೂ ಆಗಲ್ಲ. ಹೆದರಿಕಿಗೆ ಹಂಗ್ ಅನ್ನಿಸ್ತೈತಿ’ ಅಂದೆ. ಆ ರಾತ್ರಿ ಅವರು ಮೂರು ಸಲ ಹೇಳಿದರು. ಮೂರು ಸಲವೂ ನಾನು ಅವರ ಮುಖ ನೋಡಲಿಲ್ಲ, ಬೆರಳು ನೋಡಿದೆ.

ಮರುದಿನ ಸಂಜೆ ಅವರ ಮಾತು ತೊದಲತೊಡಗಿದಾಗ ಲಗೇಜ್ ಆಟೊದಲ್ಲಿ ಹಾಕಿಕೊಂಡು ಹೋದೆವು. ಅಲ್ಲಿ ಡಾಕ್ಟರು ಮಣಿಕಟ್ಟಿನ ಅಪಧಮನಿಗೆ ಸೂಜಿ ಚುಚ್ಚಿ ರಕ್ತ ತೆಗೆದರು. ಬೆರಳಿನ ಕ್ಲಿಪ್ ಆಗಲೂ 94 ತೋರಿಸುತ್ತಿತ್ತು. ರಕ್ತದ ರಿಪೋರ್ಟ್ ಮಾತ್ರ 86 ಅಂದಿತು. ‘ಇದನ್ನ ನೋಡ್ಕೊಂಡು ಕೂತಿದ್ರಾ?’ ಎಂದು ಕೇಳಿದ ಡಾಕ್ಟರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಬೆರಳು ತಣ್ಣಗಿದ್ದರೆ, ಚರ್ಮ ದಪ್ಪವಿದ್ದರೆ, ಬಣ್ಣ ಕಪ್ಪಿದ್ದರೆ ಹೀಗಾಗಬಹುದು, ಕ್ಲಿಪ್ಪೇ ಕಳಪೆ ಇರಬಹುದು ಎಂದು ಓಡುತ್ತಲೇ ಹೇಳಿ ಇನ್ನೊಂದು ಹಾಸಿಗೆಯತ್ತ ಹೋದರು.

ಅಪ್ಪ ಹದಿನೇಳು ದಿನದ ನಂತರ ಮನೆಗೆ ಬಂದರು. ಪುಣ್ಯ. ಆದರೆ ಶ್ವಾಸಕೋಶ ಮೊದಲಿನಂತಾಗಲಿಲ್ಲ. ಈಗ ಚೀಲ ಹೊರುವುದಿಲ್ಲ, ಗೋದಾಮೊಂದರಲ್ಲಿ ರಾತ್ರಿ ವಾಚ್‌ಮನ್. ಒಂದು ದಿನ ಮೊದಲೇ ಹೋಗಿದ್ದರೆ ಏನಾಗುತ್ತಿತ್ತು ಎಂಬ ಲೆಕ್ಕ ನನ್ನ ತಲೆಯಲ್ಲಿ ಇನ್ನೂ ನಡೆಯುತ್ತಿದೆ.

ಇದೇ ಕಥೆಗೆ ಇನ್ನೊಂದು ಮಗ್ಗುಲಿದೆ, ಅದನ್ನೂ ಹೇಳಲೇಬೇಕು. ನಮ್ಮ ಎದುರು ಮನೆಯ ನಿವೃತ್ತ ಮೇಷ್ಟ್ರು ‘ನನಗೇನಾಗಿದೆ, ಗಟ್ಟಿಯಿದ್ದೀನಿ’ ಎಂದು ಪೇಪರ್ ಓದುತ್ತಾ ಕೂತಿದ್ದರು. ಆಶಾ ಕಾರ್ಯಕರ್ತೆ ಒತ್ತಾಯಿಸಿ ಬೆರಳಿಗೆ ಆಕ್ಸಿಮೀಟರ್ ಹಾಕಿದರೆ 84! ಅವರನ್ನು ಸೀದಾ ಆಸ್ಪತ್ರೆಗೆ ಸಾಗಿಸಿದರು, ಬದುಕಿದರು. ಆಮ್ಲಜನಕ ಇಳಿದಿದ್ದರೂ ಏದುಸಿರು ಬಾರದ ಆ ಸ್ಥಿತಿ ಕೋವಿಡ್‌ನಲ್ಲಿ ಎಷ್ಟೋ ಜನರನ್ನು ಕೊಂದಿತು. ಅಲ್ಲಿ ಮೈ ಸುಳ್ಳು ಹೇಳಿತ್ತು, ಯಂತ್ರ ನಿಜ ಹೇಳಿತ್ತು. ಹಾಗಾಗಿ ಈ ಯಂತ್ರವನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಒಂದೇ ಬೀದಿಯ ಎರಡು ಮನೆಗಳಲ್ಲಿ ಒಬ್ಬರಿಗೆ ನೆರವಾಗಿ ಇನ್ನೊಬ್ಬರಿಗೆ ಕೈಕೊಟ್ಟದ್ದು ಯಾಕೆ ಎಂಬ ಪ್ರಶ್ನೆ ಬಿಡಲಿಲ್ಲ.

ಎಲೆಕ್ಟ್ರಾನಿಕ್ಸ್‌ನಲ್ಲಿ ಬಿಇ ಸೇರಿದೆ. ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಗೆಳತಿಯರೆಲ್ಲ ಸ್ಮಾರ್ಟ್ ಪಾರ್ಕಿಂಗ್, ಹನಿ ನೀರಾವರಿ ಎಂದು ಓಡಾಡುತ್ತಿದ್ದರೆ ನಾನು ಆಕ್ಸಿಮೀಟರ್ ಹಿಡಿದೆ. ಎಂಜಿನಿಯರಿಂಗ್ ಓದಿದವರಿಗೆ ಗೊತ್ತಿರುತ್ತದೆ, ‘ಮ್ಯಾಕ್ಸ್ 30102’ ಎಂಬ ಉಗುರಿನಷ್ಟು ಗಾತ್ರದ ಸೆನ್ಸರ್ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ. ಅದನ್ನು ಆರ್ಡುಯಿನೊ ಬೋರ್ಡಿಗೆ ಜೋಡಿಸಿದರೆ ಒಂದು ಸಂಜೆಯಲ್ಲಿ ನಿಮ್ಮದೇ ಆಕ್ಸಿಮೀಟರ್ ಸಿದ್ಧ.

ತತ್ವ ಸರಳ. ಸೆನ್ಸರ್ ಎರಡು ಬೆಳಕು ಬಿಡುತ್ತದೆ. ಒಂದು ಕೆಂಪು, ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಆಮ್ಲಜನಕ ಹೊತ್ತ ರಕ್ತ ಕೆಂಪು ಬೆಳಕನ್ನು ಹೆಚ್ಚಾಗಿ ಹಾದುಹೋಗಲು ಬಿಡುತ್ತದೆ, ಆಮ್ಲಜನಕ ಕಳೆದುಕೊಂಡ ರಕ್ತ ಅದನ್ನು ಹೆಚ್ಚು ಹೀರುತ್ತದೆ. ಎರಡೂ ಬೆಳಕು ಎಷ್ಟೆಷ್ಟು ಮರಳಿ ಬಂತು ಎಂಬ ಅನುಪಾತದಿಂದ ಲೆಕ್ಕ. ಆದರೆ ಬೆರಳಿನಲ್ಲಿ ರಕ್ತ ಮಾತ್ರ ಇಲ್ಲವಲ್ಲ, ಚರ್ಮ, ಮೂಳೆ, ಮಾಂಸ ಎಲ್ಲ ಇದೆ. ಈ ತೊಡಕನ್ನು ಬಿಡಿಸಿದವರು ಜಪಾನಿನ ನಿಹಾನ್ ಕೊಡೆನ್ ಕಂಪನಿಯ ಎಂಜಿನಿಯರ್ ತಕುವೊ ಅವೊಯಾಗಿ. 1970ರ ದಶಕದ ಆರಂಭದಲ್ಲಿ ಅವರು ಬೇರೇನನ್ನೋ ಅಳೆಯಲು ಹೊರಟಿದ್ದರು. ನಾಡಿಬಡಿತದ ಏರಿಳಿತ ಅಡ್ಡ ಬರುತ್ತಿತ್ತು. ಆ ಕಿರಿಕಿರಿಯನ್ನೇ ಅವರು ಉಪಾಯ ಮಾಡಿಕೊಂಡರು. ನಾಡಿಯೊಂದಿಗೆ ಮಿಡಿಯುವ ಭಾಗವನ್ನಷ್ಟೇ ತೆಗೆದುಕೊಂಡರೆ ಅದು ಅಪಧಮನಿಯ ರಕ್ತ, ಉಳಿದದ್ದು ಲೆಕ್ಕದಿಂದ ಹೊರಗೆ. ಅವೊಯಾಗಿ ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಜಗತ್ತು ಅವರ ಯಂತ್ರಕ್ಕಾಗಿ ಅಂಗಡಿ ಮುಂದೆ ಸಾಲುಗಟ್ಟುತ್ತಿದ್ದ ಹೊತ್ತಿನಲ್ಲಿ.

ಪ್ರೋಗ್ರಾಂ ಬರೆಯುವಾಗ ನನ್ನ ಕೈ ಒಂದು ಸಾಲಿನ ಮೇಲೆ ನಿಂತಿತು. ವಿದ್ಯಾರ್ಥಿಗಳೆಲ್ಲ ಕಾಪಿ ಮಾಡಿಕೊಳ್ಳುವ ಸೂತ್ರ ಅದು: ಅನುಪಾತವನ್ನು 25ರಿಂದ ಗುಣಿಸಿ, 110ರಿಂದ ಕಳೆಯಿರಿ. ಬಂದದ್ದೇ ಆಮ್ಲಜನಕದ ಶೇಕಡಾವಾರು.

ಈ 110 ಎಲ್ಲಿಂದ ಬಂತು? 25 ಯಾರದು?

ಗೈಡ್ ಮೇಡಂ ಅವರನ್ನು ಕೇಳಿದೆ. ‘ಅದು ಸ್ಟ್ಯಾಂಡರ್ಡ್ ಕಣೇ, ಹಾಗೇ ಹಾಕು’ ಅಂದರು. ನಂತರ ಲೈಬ್ರರಿಯಲ್ಲಿ, ಫೋನಿನಲ್ಲಿ ಹುಡುಕುತ್ತಾ ಹೋದೆ. ಇಂಥ ಸಂಖ್ಯೆಗಳು ಭೌತಶಾಸ್ತ್ರದ ನಿಯಮದಿಂದ ಸೀದಾ ಇಳಿದು ಬಂದವಲ್ಲ. ಲ್ಯಾಬಿನಲ್ಲಿ ಆರೋಗ್ಯವಂತ ಸ್ವಯಂಸೇವಕರನ್ನು ಕೂರಿಸಿ, ಅವರು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕವನ್ನು ಸ್ವಲ್ಪಸ್ವಲ್ಪವೇ ಇಳಿಸಿ, ಪ್ರತಿ ಹಂತದಲ್ಲಿ ಅಪಧಮನಿಯ ರಕ್ತ ತೆಗೆದು, ಸೆನ್ಸರಿನ ಅಂಕಿಯ ಜೊತೆ ಹೊಂದಿಸಿ ಎಳೆದ ಗೆರೆಯ ಅಂಕಿಗಳು. ಅಂದರೆ ಪ್ರತಿ ಆಕ್ಸಿಮೀಟರಿನ ಹೊಟ್ಟೆಯಲ್ಲಿ ಒಂದಷ್ಟು ಮನುಷ್ಯರು ಕೂತಿದ್ದಾರೆ. ನಮ್ಮ ಬೆರಳನ್ನು ಅದು ಅವರ ಬೆರಳಿಗೆ ಹೋಲಿಸಿ ನೋಡುತ್ತಿರುತ್ತದೆ.

ಯಾರು ಆ ಮನುಷ್ಯರು? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಕೊಟ್ಟ ಮಾರ್ಗಸೂಚಿ ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಪರೀಕ್ಷೆಗೆ ಕನಿಷ್ಠ 10 ಜನ. ಅವರಲ್ಲಿ ಗಾಢ ಮೈಬಣ್ಣದವರು ಕನಿಷ್ಠ ಇಬ್ಬರು, ಅಥವಾ ಒಟ್ಟು ಸಂಖ್ಯೆಯ ಶೇ 15, ಎರಡರಲ್ಲಿ ಯಾವುದು ಹೆಚ್ಚೋ ಅದು. ಹತ್ತರಲ್ಲಿ ಇಬ್ಬರು! ನಮ್ಮ ಯಾರ್ಡ್‌ನ ಹಮಾಲಿಗಳನ್ನು ಸಾಲಾಗಿ ನಿಲ್ಲಿಸಿದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಅಂಗಡಿಯಲ್ಲಿ ಸಿಗುವ ಅಗ್ಗದ ಕ್ಲಿಪ್‌ಗಳಲ್ಲಿ ಹಲವು ಇಂಥ ಪರೀಕ್ಷೆಯನ್ನೂ ದಾಟಿ ಬಂದವಲ್ಲ.

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಬೆಳಕು ಹೀರುತ್ತದೆ. ಮಿಡಿಯುವ ಭಾಗವನ್ನಷ್ಟೇ ತೆಗೆದುಕೊಳ್ಳುವುದರಿಂದ ಬಣ್ಣದ ಪ್ರಭಾವ ರದ್ದಾಗಬೇಕು ಎಂಬುದು ಲೆಕ್ಕಾಚಾರ. ಪೂರ್ತಿ ರದ್ದಾಗುವುದಿಲ್ಲ ಎಂಬುದು ಹೊಸ ಸಂಗತಿಯೂ ಅಲ್ಲ. ಸ್ಯಾನ್‌ಫ್ರಾನ್ಸಿಸ್ಕೊದ ಸಂಶೋಧಕರು 2005ರಲ್ಲೇ ಬರೆದಿದ್ದರು. 2020ರಲ್ಲಿ ಎಮಿ ಮೊರನ್-ಥಾಮಸ್ ಎಂಬ ಮಾನವಶಾಸ್ತ್ರಜ್ಞೆ, ತಮ್ಮ ಮನೆಗೆ ಕೋವಿಡ್ ಬಂದಾಗ ತಂದ ಆಕ್ಸಿಮೀಟರ್‌ನಿಂದ ಶುರುಮಾಡಿ, ಈ ಹಳೆಯ ಪ್ರಬಂಧಗಳನ್ನೆಲ್ಲ ಕೆದಕಿ ಲೇಖನ ಬರೆದರು. ಅದನ್ನು ಓದಿದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ತಮ್ಮ ರೋಗಿಗಳ ದಾಖಲೆ ತೆರೆದು ನೋಡಿದರು. ಬೆರಳಿನ ಕ್ಲಿಪ್ 92ರಿಂದ 96 ತೋರಿಸುತ್ತಿದ್ದಾಗಲೂ ರಕ್ತದಲ್ಲಿ ನಿಜವಾಗಿ 88ಕ್ಕಿಂತ ಕಡಿಮೆ ಇದ್ದ ಪ್ರಮಾಣ ಬಿಳಿಯರಲ್ಲಿ ಶೇ 3.6, ಕಪ್ಪು ಜನರಲ್ಲಿ ಶೇ 11.7. ಹೆಚ್ಚುಕಡಿಮೆ ಮೂರು ಪಟ್ಟು. ಅದು ಪ್ರಕಟವಾದದ್ದು 2020ರ ಡಿಸೆಂಬರ್‌ನಲ್ಲಿ. ನಮ್ಮ ಮನೆಯಲ್ಲಿ 95 ಕಂಡದ್ದು ಅದಾದ ಐದು ತಿಂಗಳಿಗೆ.

ಅಪ್ಪನ ವಿಷಯದಲ್ಲಿ ತಪ್ಪಿದ್ದು ಬಣ್ಣದಿಂದಲೇ ಎಂದು ಹೇಳಲಾರೆ. ಚೀಲ ಹೊತ್ತು ಜಡ್ಡುಗಟ್ಟಿದ ಬೆರಳು, ತಣ್ಣಗಾಗಿದ್ದ ಕೈ, ಕಳಪೆ ಕ್ಲಿಪ್, ಎಲ್ಲವೂ ಇದ್ದವು. ಆದರೆ ಇವೆಲ್ಲ ಒಬ್ಬನೇ ಮನುಷ್ಯನ ಮೇಲೆ ಬಂದು ಕೂರುವುದು ಆಕಸ್ಮಿಕವಲ್ಲ. ಬಿಸಿಲಲ್ಲಿ ದುಡಿಯುವವನ ಕೈ ಹಾಗೇ ಇರುತ್ತದೆ, ಅವನ ಜೇಬಿಗೆ ನಿಲುಕುವ ಯಂತ್ರವೂ ಹಾಗೇ ಇರುತ್ತದೆ.

ನ್ಯಾಯ ಎನ್ನುವುದಕ್ಕೆ ತಂತ್ರಜ್ಞಾನದ ಪುಸ್ತಕಗಳಲ್ಲಿ ‘ಫೇರ್‌ನೆಸ್’ ಎಂಬ ಪದವಿದೆ. ನನಗೆ ಅದನ್ನು ಓದಿದಾಗಲೆಲ್ಲ ನಗು ಬರುತ್ತದೆ. ಆ ಪದ ನಾನು ಮೊದಲು ಓದಿದ್ದು ಕ್ರೀಮ್ ಟ್ಯೂಬಿನ ಮೇಲೆ. ‘ಹೆಣ್ಣುಮಗು ಅಪ್ಪನ ಬಣ್ಣ ತಗೊಂಡುಬಿಟ್ಟೈತಿ’ ಎಂದು ಮರುಗುತ್ತಿದ್ದ ಅತ್ತೆ ಜಾತ್ರೆಯಿಂದ ತಂದುಕೊಟ್ಟದ್ದು. ಬಣ್ಣದ ಬಗ್ಗೆ ಮನುಷ್ಯರು ಆಡುವ ಮಾತು ಕೇಳಿ ಬೆಳೆದವಳಿಗೆ, ಕನಿಷ್ಠ ಯಂತ್ರಕ್ಕಾದರೂ ಬಣ್ಣ ಕಾಣುವುದಿಲ್ಲ ಎಂಬ ನಂಬಿಕೆಯಿತ್ತು.

ಹಾಗೆಂದು ಹಳೆಯ ಕಾಲವೇ ಚೆನ್ನಾಗಿತ್ತು ಎನ್ನುವವರ ಜೊತೆ ನಾನಿಲ್ಲ. ಆಕ್ಸಿಮೀಟರ್ ಬರುವ ಮೊದಲು ಆಪರೇಷನ್ ಥಿಯೇಟರಿನಲ್ಲಿ ತುಟಿ, ಉಗುರು ನೀಲಿಗಟ್ಟಿತೇ ಎಂದು ಕಣ್ಣಲ್ಲೇ ನೋಡುತ್ತಿದ್ದರು. ಕಪ್ಪು ಚರ್ಮದಲ್ಲಿ ಆ ನೀಲಿ ಕಾಣುವುದು ಇನ್ನೂ ಕಷ್ಟ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಯ ಸುರಕ್ಷತಾ ಪಟ್ಟಿಯಲ್ಲಿ ಆಕ್ಸಿಮೀಟರ್ ಸೇರಿಸಿದ್ದು ಸುಮ್ಮನೆ ಅಲ್ಲ. ಯಂತ್ರ ಬೇಕು. ಅದರೊಳಗೆ ನಾವೂ ಇರಬೇಕು, ಅಷ್ಟೇ.

ಸೆನ್ಸರ್ ಬಿಡಿ, ಬರೀ ಡೇಟಾ ನೋಡುವ ಸಾಫ್ಟ್‌ವೇರ್‌ಗೂ ಇದೇ ಕಾಯಿಲೆ. ಅಮೆರಿಕದಲ್ಲಿ ಯಾವ ರೋಗಿಗೆ ಹೆಚ್ಚಿನ ಆರೈಕೆ ಬೇಕು ಎಂದು ಆರಿಸುವ ಒಂದು ಅಲ್ಗಾರಿದಮ್ ಇತ್ತು. ಅದರಲ್ಲಿ ಜನಾಂಗದ ಕಾಲಮ್ಮೇ ಇರಲಿಲ್ಲ. ಆದರೆ ಕಾಯಿಲೆಯ ತೀವ್ರತೆಗೆ ಬದಲಾಗಿ ಅದು ಚಿಕಿತ್ಸೆಗೆ ಆಗುವ ಖರ್ಚನ್ನು ಅಂದಾಜಿಸುತ್ತಿತ್ತು. ಕಪ್ಪು ಜನರ ಚಿಕಿತ್ಸೆಗೆ ಖರ್ಚಾಗುತ್ತಿದ್ದುದೇ ಕಡಿಮೆ, ಹಾಗಾಗಿ ಅವರು ಆರೋಗ್ಯವಂತರಂತೆ ಕಂಡರು! ಜಿಯಾದ್ ಒಬರ್‌ಮೇಯರ್ ತಂಡ 2019ರಲ್ಲಿ ಇದನ್ನು ಬಯಲಿಗೆಳೆಯಿತು. ತಪ್ಪು ಸರಿಪಡಿಸಿದರೆ ಹೆಚ್ಚುವರಿ ಆರೈಕೆ ಪಡೆಯುವವರಲ್ಲಿ ಕಪ್ಪು ಜನರ ಪಾಲು ಶೇ 17.7ರಿಂದ ಶೇ 46.5ಕ್ಕೆ ಏರುತ್ತಿತ್ತು. ಇದನ್ನು ಓದಿದಾಗ ಅಪ್ಪನ ನೆನಪಾಯಿತು. ಕೋವಿಡ್‌ಗೆ ಮುಂಚೆ ಅವರು ಆಸ್ಪತ್ರೆಗೆ ಖರ್ಚು ಮಾಡಿದ್ದು ಸೊನ್ನೆ. ಆ ಸೂತ್ರದ ಪ್ರಕಾರ ನಮ್ಮ ಜಿಲ್ಲೆಯ ಅತ್ಯಂತ ಆರೋಗ್ಯವಂತ ಮನುಷ್ಯ ನನ್ನಪ್ಪ.

ಕ್ಯಾಂಪಸ್ ಸೆಲೆಕ್ಷನ್ ಆಗದೆ ಬೆಂಗಳೂರಿನ ಪಿಜಿಯಲ್ಲಿ ಕೂತು ಕೆಲಸ ಹುಡುಕುತ್ತಿದ್ದೇನೆ. ಕೈಯಲ್ಲಿ ಅಣ್ಣ ಕೊಟ್ಟ ಸ್ಮಾರ್ಟ್‌ವಾಚ್. ಅದರ ಬೆನ್ನಿಗೂ ಅದೇ ಮಿಣುಕು ಬೆಳಕು. ಇತ್ತೀಚೆಗೆ ಒಂದು ಬೆಳಿಗ್ಗೆ ಚೆನ್ನಾಗಿ ನಿದ್ದೆಯಾಗಿ ಎದ್ದೆ. ವಾಚ್ ನೋಡಿದರೆ ಸ್ಲೀಪ್ ಸ್ಕೋರ್ 58. ತಕ್ಷಣ ತಲೆ ಭಾರವಾದಂತಾಯಿತು. ಇಂಟರ್‌ವ್ಯೂಗೆ ಹೋಗುವಾಗ ‘ಇವತ್ತು ಸರಿ ನಿದ್ದೆಯಿಲ್ಲ’ ಎಂದು ಗೆಳತಿಗೆ ಹೇಳಿದವಳು ನಾನೇ. ಮೆಟ್ರೊದಲ್ಲಿ ನಿಂತಾಗ ಹೊಳೆಯಿತು: ಅಪ್ಪನಿಗೆ ಆ ರಾತ್ರಿ ಮಾಡಿದ್ದನ್ನೇ ಈಗ ನನಗೆ ನಾನೇ ಮಾಡಿಕೊಳ್ಳುತ್ತಿದ್ದೇನೆ. ವಾಚ್ ಬಿಚ್ಚಿ ಬ್ಯಾಗಿಗೆ ಹಾಕಿದೆ. ಮೂರನೇ ದಿನ ಮತ್ತೆ ಕಟ್ಟಿಕೊಂಡೆ, ಸುಳ್ಳು ಯಾಕೆ ಹೇಳಲಿ.

ಪ್ರಾಜೆಕ್ಟ್ ಏನಾಯಿತು ಎಂದು ಹೇಳಲೇ ಇಲ್ಲ. ಹಾಸ್ಟೆಲಿನ ಇಪ್ಪತ್ತು ಗೆಳತಿಯರ ಬೆರಳು ಇಟ್ಟು ನೋಡಿದೆ. ಕಪ್ಪು, ಬಿಳುಪು, ಗೋಧಿ ಬಣ್ಣ ಎಲ್ಲರದ್ದೂ 97, 98. ಇದರಿಂದ ಏನೂ ಸಾಬೀತಾಗುವುದಿಲ್ಲ, ಏಕೆಂದರೆ ಎಡವಟ್ಟು ಹೆಚ್ಚುವುದು ಆಮ್ಲಜನಕ ಇಳಿದಾಗ. ಆರೋಗ್ಯವಂತರ ಮೇಲೆ ಎಲ್ಲ ಯಂತ್ರವೂ ಪಾಸ್. ವರದಿಯ ಕೊನೆಯಲ್ಲಿ ‘ಮಿತಿಗಳು’ ಎಂಬ ಪುಟ ಸೇರಿಸಿ ಇದನ್ನೇ ಬರೆದೆ. ಯಾರ ಮೇಲೆ ಪರೀಕ್ಷಿಸಿದೆ, ಯಾರ ಮೇಲೆ ಪರೀಕ್ಷಿಸಿಲ್ಲ ಎಂದು. ‘ಈ ಪುಟ ಯಾರೂ ಓದಲ್ಲ’ ಎಂದ ಮೇಡಂ, ಆದರೂ ತೆಗೆಸಲಿಲ್ಲ. ಅದೇ ದಿನಗಳಲ್ಲಿ, 2025ರ ಜನವರಿಯಲ್ಲಿ, ಎಫ್‌ಡಿಎ ಹೊಸ ಕರಡು ಮಾರ್ಗಸೂಚಿ ಹೊರಡಿಸಿತು. ಹತ್ತು ಜನರ ಜಾಗದಲ್ಲಿ 150 ಅಥವಾ ಹೆಚ್ಚು, ಎಲ್ಲ ಮೈಬಣ್ಣದವರೂ ಇರಬೇಕು ಎಂದು. ನಾನು ಅದನ್ನು ಪ್ರಿಂಟ್ ತೆಗೆದು ವರದಿಗೆ ಪಿನ್ ಮಾಡಿದೆ.

ಯುಗಾದಿಗೆ ಊರಿಗೆ ಹೋದಾಗ ಸೆನ್ಸರ್ ಒಯ್ದಿದ್ದೆ. ಮಗಳು ಮಾಡಿದ ಮಿಷನ್ ಎಂದು ಅಪ್ಪ ಲುಂಗಿಗೆ ಕೈ ಒರೆಸಿಕೊಂಡು ಬೆರಳಿಟ್ಟರು. ಕೆಂಪು ಬೆಳಕು ಉಗುರಿನಂಚಿಗೆ ಹಬ್ಬಿತು. ಲ್ಯಾಪ್‌ಟಾಪ್ ಪರದೆಯಲ್ಲಿ 96.

‘ಚಲೋ ಅದೀನಾ?’ ಎಂದು ಕೇಳಿದರು.

ಲ್ಯಾಪ್‌ಟಾಪ್ ಮುಚ್ಚಿದೆ. ‘ರಾತ್ರಿ ಗೋದಾಮಿನ ಸುತ್ತ ತಿರುಗಾಡುವಾಗ ಹೆಂಗಾಗ್ತೈತಿ, ಅದನ್ನ ಹೇಳು’ ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಎರಡನೇ ಸುತ್ತಿಗೆ ಗೇಟಿನ ಹತ್ತಿರ ಒಂದು ಕಲ್ಲಿನ ಮೇಲೆ ಕೂರಬೇಕಾಗುತ್ತದೆ, ಚಳಿಗಾಲದಲ್ಲಿ ಮೊದಲ ಸುತ್ತಿಗೇ ಕೂರಬೇಕಾಗುತ್ತಿತ್ತು ಅಂದರು. ಇದನ್ನು ನಾಲ್ಕು ವರ್ಷದಲ್ಲಿ ನಮಗ್ಯಾರಿಗೂ ಹೇಳಿರಲಿಲ್ಲ. ಪೆನ್ನು ತೆಗೆದು ಬರೆದುಕೊಂಡೆ. ಮರುವಾರ ಡಾಕ್ಟರ ಬಳಿ ಹೋಗುವಾಗ ಆ ಚೀಟಿಯನ್ನೇ ಜೇಬಿಗಿಟ್ಟು ಕಳಿಸಿದೆ.